ನಾಟಕದ ಕಂಪನಿಯೂ ನಾನೂ

ನಮ್ಮ ಸಂಘದ ಕಾರ್ಯದರ್ಶಿಗಳು ಕಳೆದ ತಿಂಗಳು ನನ್ನ ಮನೆಗೆ ದಯಮಾಡಿಸಿ, ಪತ್ರಿಕೆಯ ಈ ಸಂಚಿಕೆಗಾಗಿ ಸಂಸ್ಕೃತ ನಾಟಕಗಳನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದರು. ಮೂವತ್ತೇಳು ವರ್ಷಕಾಲ ಶಾಕುಂತಲವನ್ನು ಪಾಠ ಹೇಳಿದ ಮೇಷ್ಟರಿಗೆ ಇದೇನು ದೊಡ್ಡ ಕೆಲಸವೆಂಬುದು ಅವರ ಎಣಿಕೆ. ನನಗೂ ಹಾಗೆಯೇ ತೋರಿತು. ಕಾಗದ ಲೇಖನಿಗಳನ್ನು ತೆಗೆದುಕೊಂಡು ಕುಳಿತು, ನಾಂದಿ, ಪ್ರಸ್ತಾವನೆ, ಸಂಧಿ, ಸಂಧ್ಯಂಗ ಎಂದು ನಾಲ್ಕು ಪುಟಗಳನ್ನು ಬರೆದೂ ಬರೆದೆನು. ಬರೆದುದನ್ನು ಓದಿ ನೋಡುವಾಗ, ಇದೆಲ್ಲವೂ ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬಂದ ಮಾತೇ ಹೊರತು ನಾನು ಕಂಡದ್ದು ಒಂದೂ ಇಲ್ಲವೆಂದು ಮನಸ್ಸಿಗೆ ಹೊಳೆಯಿತು. ನಾಟಕವೆಂಬುದನ್ನು ನಾನು ನಿಜವಾಗಿ ಕಂಡದ್ದು ಬಾಲ್ಯದಲ್ಲಿ, ದಾವಣಗೆರೆಯ ತಗಡಿನ ಥಿಯೇಟರಿನಲ್ಲಿ. ಅದನ್ನು ಈ ವರೆಗೆ ಯಾರೊಡನೆಯೂ ಹೇಳಿಕೊಂಡವನಲ್ಲ. ಹೇಳಿಕೊಳ್ಳದೆ ಇದ್ದುದರಿಂದ ಒಬ್ಬನಿಗೆ ಅನ್ಯಾಯವಾಯಿತೋ ಏನೋ ಎಂಬ ಶಂಕೆ ಈಚೆಗೆ ನನ್ನನ್ನು ಬಾಧಿಸುತ್ತಿದೆ. ಆದಕಾರಣ ಆ ನಾಲ್ಕು ಪುಟಗಳನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ಕಾರ್ಯದರ್ಶಿಗಳು ಮನ್ನಿಸಬೇಕು.

ಮೊದಲು ಊರಿನ ಮಾತು. ನಾನು ಓದಿದ ಪಾಠಶಾಲೆ ಇದ್ದುದು ಹರಿಹರದಲ್ಲಿ. ಹರಿಹರವು ಎರಡು ಸೀಮೆಗಳ ಸಂಧಿ. 1956ರ ವರೆಗೆ ತುಂಗಭದ್ರೆಯ ಈಚೆಯ ದಡ ಮೈಸೂರು ಸೀಮೆ. ಆಚೆಯ ದಡ ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡದ ಜಿಲ್ಲೆ. ನದಿಯನ್ನು ದಾಟಿದರೆ ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ. ದಾಟದೆ ರೈಲನ್ನು ಹಿಡಿದರೆ ದಾವಣಗೆರೆ, ಅರಸೀಕೆರೆ, ಬೆಂಗಳೂರು. ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ನಮ್ಮ ದೇವಾಲಯದೊಳಗೆ ಅರ್ಧ ಹರಿ, ಅರ್ಧ ಹರನಾಗಿ ದೇವರು ನಿಂತಿದ್ದಾನೆ. ನಮ್ಮ ಕಡೆಯ ನಾಟಕವೂ ಹಾಗೆಯೇ ನಿಂತಿತ್ತೆಂದು ನನ್ನ ಸೋದರಮಾವನವರು ಹೇಳುತ್ತಿದ್ದರು. ತೆಂಕಣದಿಂದ ಬರುವ ಕಂಪನಿಗಳು ಕರ್ಣಾಟಕ ಸಂಗೀತದ ರಾಗಗಳನ್ನು ತರುತ್ತಿದ್ದವು. ಬಡಗಣದಿಂದ ಬರುವವು ಹಿಂದೂಸ್ಥಾನಿ ರಾಗಗಳನ್ನೂ ಮರಾಠಿ ನಾಟ್ಯಗೀತೆಗಳ ಮಟ್ಟುಗಳನ್ನೂ ತರುತ್ತಿದ್ದವು. ದಾವಣಗೆರೆಯ ಜನ ಎರಡಕ್ಕೂ ತಲೆದೂಗಿ, ಎರಡನ್ನೂ ಬೆರಸಿ ಗುನುಗುತ್ತ ಮನೆಗೆ ಹೋಗುತ್ತಿದ್ದರು.

ಈ ಮರಾಠಿಯ ಸಂಗತಿಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಸಂಗೀತ ನಾಟಕವಾಗಿ ಆಡಿಸಿದಾಗ ಮರಾಠಿ ರಂಗಭೂಮಿಗೆ ಹೊಸ ಯುಗವೇ ಪ್ರಾರಂಭವಾಯಿತು. ಆದರೆ ಅವರು ಹುಟ್ಟಿದ ಊರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಯಂತ್ರೋದ್ಯಮದಿಂದ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದೂ ಅದೇ ಊರಿನಲ್ಲಿ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸಿಳ್ಳಿನ ಶಬ್ದಕ್ಕೆ ಎದ್ದು ಸಂಧ್ಯಾವಂದನೆ ಮಾಡುತ್ತಿದ್ದ ನಾವು, ಶಾಕುಂತಲವೂ ಲೇತ್ ಯಂತ್ರವೂ ಒಂದೇ ಊರಿನ ನೀರು ಕುಡಿದವರ ಕೊಡುಗೆಯೆಂಬುದನ್ನು ಅರಿತಿರಲಿಲ್ಲ. ಆ ಕಾರ್ಖಾನೆ ಈಗ ಇಲ್ಲ; ಸಿಳ್ಳೂ ಇಲ್ಲ.

ಮರಾಠಿ ಕಂಪನಿಗಳು ಉತ್ತರ ಕರ್ಣಾಟಕದ ಊರೂರುಗಳಲ್ಲಿ ತಿಂಗಳುಗಟ್ಟಲೆ ಬಿಡಾರ ಮಾಡುತ್ತಿದ್ದವು. ಮಾತು ತಿಳಿಯದಿದ್ದರೂ ಕನ್ನಡಿಗರು ಹಾಡಿಗಾಗಿ ಹೋಗಿ ಕುಳಿತಿರುತ್ತಿದ್ದರು. ಇದನ್ನು ಕಂಡು ಮನನೊಂದು, ಕನ್ನಡದಲ್ಲಿಯೇ ನಾಟಕಗಳಾಗಬೇಕೆಂದು ಸೊಂಟ ಕಟ್ಟಿದವರು ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು. ಇತ್ತ ಮೈಸೂರಿನಲ್ಲಿ ಬಸವಪ್ಪಶಾಸ್ತ್ರಿಗಳು ಅರಮನೆಯ ನಾಟಕ ಮಂಡಳಿಗಾಗಿ ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿದರು. ತರುವಾಯ ಬಂದವರು ವರದಾಚಾರ್ಯರು, ಗುಬ್ಬಿ ವೀರಣ್ಣನವರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು, ಮಹಮದ್ ಪೀರ್ ಸಾಹೇಬರು, ಹಿರಣ್ಣಯ್ಯನವರು, ಏಣಗಿ ಬಾಳಪ್ಪನವರು. ಗದಗಿನ ಪುಟ್ಟರಾಜ ಗವಾಯಿಗಳು, ತಾವು ಅಂಧರಾಗಿದ್ದು, ನಾಟಕದ ಕಂಪನಿಯನ್ನು ನಡೆಸಿ ಅದರ ಉತ್ಪನ್ನದಿಂದ ವೀರೇಶ್ವರ ಪುಣ್ಯಾಶ್ರಮದ ಅಂಧ ಅನಾಥ ಮಕ್ಕಳಿಗೆ ಅನ್ನವಿಕ್ಕಿದರು. ನಮ್ಮ ದಾವಣಗೆರೆಯವರೇ ಆದ ಚಿಂದೋಡಿ ವೀರಪ್ಪನವರು ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿಯನ್ನು ಕಟ್ಟಿದರು. ಜನರ ಬಾಯಿಯಲ್ಲಿ ಅದು ಕೆ. ಬಿ. ಆರ್. ಡ್ರಾಮಾ ಕಂಪನಿ. ಅವರ ಮಗಳು ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 2010ರಲ್ಲಿ ಅವರು ಕಾಲವಾದರು.

ಇಷ್ಟೆಲ್ಲ ಇದ್ದರೂ ನಮ್ಮ ಪಾಠಶಾಲೆಯಲ್ಲಿ ನಾಟಕದವರೆಂದರೆ ಮೂಗು ಮುರಿಯುತ್ತಿದ್ದರು. ಇದಕ್ಕೆ ಆಧಾರವೂ ಇಲ್ಲದೆ ಇರಲಿಲ್ಲ. ಮನುವು ನಟನ ಅನ್ನವನ್ನು ಉಣಬಾರದವರ ಅನ್ನದ ಪಟ್ಟಿಯಲ್ಲಿ ಸೇರಿಸಿದ್ದಾನೆ. ನಾಟ್ಯವನ್ನು ವೇದವೆಂದು ಕೊಂಡಾಡುವ ನಾಟ್ಯಶಾಸ್ತ್ರದ ಕೊನೆಯಲ್ಲಿಯೇ, ಋಷಿಗಳನ್ನು ಅಣಕಿಸಿ ಆಡಿದುದಕ್ಕಾಗಿ ಭರತಪುತ್ರರಿಗೆ ಶಾಪ ತಟ್ಟಿದ ಕಥೆ ಬರುತ್ತದೆ. ನಮ್ಮ ಶಾಸ್ತ್ರಿಗಳು ಇವೆರಡನ್ನೂ ಕಂಠಪಾಠ ಹೇಳಬಲ್ಲವರು. ಅದೇ ನಾಲಗೆಯಿಂದ ಶಾಕುಂತಲದ ನಾಲ್ಕನೆಯ ಅಂಕವನ್ನು ಹೇಳುವಾಗ ಕಣ್ಣೀರು ಸುರಿಸುತ್ತಿದ್ದರು. ಶಕುಂತಲೆಯ ಪಾತ್ರವನ್ನು ಯಾರಾದರೊಬ್ಬರು ಕಟ್ಟಲೇಬೇಕಲ್ಲ, ಆ ಒಬ್ಬನ ಅನ್ನವನ್ನು ಉಣಬಾರದೆಂದರೆ ಹೇಗೆ, ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುವ ಧೈರ್ಯ ಬರುತ್ತಿರಲಿಲ್ಲ.

1971ರ ಬೇಸಗೆ. ನನಗೆ ಹನ್ನೆರಡು ವರ್ಷ. ಅಮರಕೋಶ ಮುಗಿದು ರಘುವಂಶ ನಡೆಯುತ್ತಿತ್ತು. ಸೋದರಮಾವನವರು ದಾವಣಗೆರೆಯ ಒಂದು ಹತ್ತಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಯೌವನದಲ್ಲಿ ಗುಬ್ಬಿ ಕಂಪನಿಯ ನಾಟಕಗಳ ಹುಚ್ಚು ಹತ್ತಿಸಿಕೊಂಡವರು. ವೀರಣ್ಣನವರು 1934ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನು ರಂಗದ ಮೇಲೆ ತಂದ ಕಥೆಯನ್ನು, ಆಗ ತಾವಿನ್ನೂ ತೊಟ್ಟಿಲಲ್ಲಿದ್ದರೂ, ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಒಂದು ಶನಿವಾರ ಹರಿಹರಕ್ಕೆ ಬಂದು, ಅಜ್ಜಿಗೆ ಮೈಯಲ್ಲಿ ಸ್ವಸ್ಥವಿಲ್ಲ, ಹುಡುಗನನ್ನು ನೋಡಬೇಕೆನ್ನುತ್ತಾಳೆ ಎಂದು ಶಾಸ್ತ್ರಿಗಳಲ್ಲಿ ನಿವೇದಿಸಿ, ನನ್ನನ್ನು ಸಂಜೆಯ ರೈಲಿಗೆ ಹತ್ತಿಸಿಕೊಂಡರು. ಗಾಡಿ ಹರಿಹರವನ್ನು ಬಿಟ್ಟ ಮೇಲೆ, "ಅಜ್ಜಿ ಗಟ್ಟಿಯಾಗಿದ್ದಾಳೆ ಕಣೋ. ನಾವು ನಾಟಕಕ್ಕೆ ಹೋಗೋದು" ಎಂದರು.

ಆ ಥಿಯೇಟರು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಬಯಲಿನಲ್ಲಿ ಗಳು ನೆಟ್ಟು, ಸುತ್ತಲೂ ತಗಡು ಹೊಡೆದು, ಮೇಲೆಯೂ ತಗಡು ಹೊದಿಸಿದ್ದರು. ಒಳಗೆ ರಂಗದ ಬುಡದಲ್ಲಿ ಮರಳು ಹರವಿದ ನೆಲ. ಅದರ ಹಿಂದೆ ಬೆಂಚು. ಅದರ ಹಿಂದೆ ಕುರ್ಚಿ. ಹೆಂಗಸರಿಗೆ ಬೇರೆ ಭಾಗ. ಒಂದು ಮೂಲೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ, ಸೋಡಾ. ಹಗಲೆಲ್ಲ ಕಾದ ತಗಡು ರಾತ್ರಿ ಒಂಬತ್ತಾದರೂ ಝಳವನ್ನು ಬಿಟ್ಟಿರಲಿಲ್ಲ. ಮೊದಲನೆಯ ಗಂಟೆಗೆ ಜನ ಒಳಗೆ ನುಗ್ಗಿದರು. ಎರಡನೆಯದಕ್ಕೆ ಹಾರ್ಮೋನಿಯಂ ಮಾಸ್ತರರು ಬಂದು ಕಾಲುಪೆಟ್ಟಿಗೆಯ ಮುಂದೆ ಕುಳಿತು ಶ್ರುತಿ ಹಿಡಿದರು. ಮೂರನೆಯ ಗಂಟೆ ಬಾರಿಸಿತೋ ಇಲ್ಲವೋ, ದೀಪಗಳು ಆರಿ, ಪರದೆ ಸುರುಳಿ ಸುತ್ತಿಕೊಳ್ಳುತ್ತ ಮೇಲಕ್ಕೆ ಎದ್ದಿತು. ಸಾಲಾಗಿ ನಿಂತ ನಟರು ಪ್ರಾರ್ಥನೆಯನ್ನು ಹಾಡಿದರು. ಕರ್ಪೂರದ ವಾಸನೆಯೂ ಊದುಬತ್ತಿಯ ಹೊಗೆಯೂ ನೆಲದ ಮೇಲೆ ಕುಳಿತಿದ್ದ ನಮ್ಮ ವರೆಗೆ ಬಂದವು. ನಾಂದಿಯೆಂಬ ಶಬ್ದಕ್ಕೆ ನಿಘಂಟಿನ ಅರ್ಥವನ್ನು ಬಲ್ಲ ನಾನು, ನಾಂದಿಯೆಂದರೆ ಏನೆಂಬುದನ್ನು ಅಂದು ಮೊದಲು ತಿಳಿದೆನು.

ಅಂದಿನ ಆಟ ಸದಾರಮೆ. ಕಳ್ಳನ ಪಾತ್ರದವನು ಬಂದೊಡನೆ ತಗಡಿನ ಗೋಡೆಗಳು ಅದುರುವ ಹಾಗೆ ಜನ ನಕ್ಕರು. ಸದಾರಮೆಯ ಪಾತ್ರಧಾರಿಣಿ ಒಂದು ಪದವನ್ನು ಮುಗಿಸಿದಾಗ, ಎರಡನೆಯ ಪಾಳಿಯ ಕೆಲಸ ಮುಗಿಸಿ ನೇರವಾಗಿ ಬಂದಿದ್ದ ಗಿರಣಿಯ ಕೂಲಿಗಾರರು, ತಲೆಗೂದಲಲ್ಲಿ ಹತ್ತಿಯ ನೂಲೆಳೆ ಇನ್ನೂ ಅಂಟಿಕೊಂಡಿದ್ದವರು, ಎದ್ದು ನಿಂತು "ಒನ್ಸ್ ಮೋರ್" ಎಂದು ಕೂಗಿದರು. ಆಕೆ ಮತ್ತೆ ಹಾಡಿದಳು. ಅವರು ಮತ್ತೆ ಕೂಗಿದರು. ಮೂರನೆಯ ಸಲ ಆಕೆ ಅದೇ ಪದವನ್ನು ಬೇರೊಂದು ರಾಗದಲ್ಲಿ ಎತ್ತಿಕೊಂಡಳು. ಮಾಸ್ತರರ ಬೆರಳುಗಳು ಆಕೆಯ ಬೆನ್ನುಹತ್ತಿ ಓಡಿದವು. ನನ್ನ ಪಕ್ಕದಲ್ಲಿದ್ದ ಮುದುಕನೊಬ್ಬನು ಕಣ್ಣು ಮುಚ್ಚಿ ಕೈ ಮುಗಿದಿದ್ದನು. ಆಟ ಮುಗಿದಾಗ ಬೆಳಗಿನ ಜಾವ ಎರಡು ಗಂಟೆ. ಹಿಂದಿನ ಬಾಗಿಲಿನ ಬಳಿ ಹಾದುಹೋಗುವಾಗ, ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು ರಾಜನು ಬೀಡಿ ಸೇದುತ್ತಿದ್ದುದನ್ನು ಕಂಡೆನು. ಮುಖದ ಅರದಾಳವು ಬೆವರಿಗೆ ಕಲಸಿಹೋಗಿತ್ತು. ಅದನ್ನು ಕಂಡು ನನಗೆ ಜುಗುಪ್ಸೆಯಾಗಬೇಕಾಗಿತ್ತು, ಆಗಲಿಲ್ಲ. ಇವನು ಬೇರೆ, ಅವನು ಬೇರೆಯೆಂದು ತಿಳಿದೂ ಎರಡು ಗಂಟೆಯ ಹಿಂದೆ ಇವನಿಗಾಗಿ ನಾನು ಅತ್ತಿದ್ದೆನಲ್ಲ ಎಂದು ಬೆರಗಾಯಿತು. ರಸಸೂತ್ರವನ್ನು ಮುಂದೆ ಎಷ್ಟು ಸಲ ಪಾಠ ಹೇಳಿದ್ದೇನೆಯೋ. ಆ ಬೆರಗಿಗಿಂತ ಹೆಚ್ಚಿನದನ್ನು ಹೇಳಿದೆನೆಂದು ತೋರುವುದಿಲ್ಲ.

ಹಿಂದಿರುಗಿದ ನಾಲ್ಕನೆಯ ದಿನ ಅಮರಕೋಶದೊಳಗೆ ಬಚ್ಚಿಟ್ಟಿದ್ದ ಗುಲಾಬಿ ಬಣ್ಣದ ಹ್ಯಾಂಡುಬಿಲ್ಲು ಶಾಸ್ತ್ರಿಗಳ ಕೈಗೆ ಸಿಕ್ಕಿತು. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಳೆಯಲ್ಲಿ ಮುಳುಗಿ ಬಂದು ಸಾವಿರದೆಂಟು ಗಾಯತ್ರಿಯನ್ನು ಮಾಡೆಂದರು. ಮಾಡಿದೆನು. ಅಂದಿನಿಂದ ನಾಟಕದ ಮಾತನ್ನು ನಾನು ಎತ್ತಲಿಲ್ಲ. ಯಾವುದನ್ನು ಕದ್ದು ಪ್ರೀತಿಸಿ ಸಿಕ್ಕಿಬಿದ್ದೆನೋ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಳಿಯುವುದನ್ನು ಕಲಿತೆನು. ಮನುಷ್ಯನ ಸ್ವಭಾವವೇ ಹಾಗೆಂದು ಕಾಣುತ್ತದೆ.

ನಾನು 1982ರಲ್ಲಿ ದಾವಣಗೆರೆಯ ಒಂದು ಪ್ರೌಢಶಾಲೆಗೆ ಸಂಸ್ಕೃತ ಪಂಡಿತನಾಗಿ ಸೇರಿದೆನು. 1986ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಂದೆ ಮಂಡಕ್ಕಿಯ ಭಟ್ಟಿಯಲ್ಲಿ ಕೆಲಸಗಾರ. ಭಟ್ಟಿಗಳನ್ನು ಕಾಣದ ವಾಚಕರಿಗಾಗಿ ಒಂದು ಮಾತು: ಭತ್ತವನ್ನು ನೆನೆಸಿ, ಹುರಿದು, ಅಕ್ಕಿ ಮಾಡಿ, ಉಪ್ಪುನೀರು ಹಾಕಿ, ಕೆಂಪಗೆ ಕಾದ ಮರಳಿನಲ್ಲಿ ಅದನ್ನು ಅರಳಿಸುತ್ತಾರೆ. ಒಲೆಗೆ ಹೊಟ್ಟು, ಕಟ್ಟಿಗೆ, ಅಗ್ಗಕ್ಕೆ ಸಿಕ್ಕಿದರೆ ಹಳೆಯ ಟೈರು. ಆ ಹೊಗೆಯಲ್ಲಿ ಬೆಳೆದ ಹುಡುಗನ ಕಂಠವು ಹೇಗೆ ಅಷ್ಟು ತಿಳಿಯಾಗಿತ್ತೋ ದೇವರೇ ಬಲ್ಲ. ರೂಪಸಿದ್ಧಿ ಅವನ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಶ್ಲೋಕವನ್ನು ಒಮ್ಮೆ ಕೇಳಿದರೆ ವೃತ್ತದ ಗತಿ ಕೆಡದಂತೆ ಒಪ್ಪಿಸುತ್ತಿದ್ದನು. ಮಾಲಿನಿಗೂ ಮಂದಾಕ್ರಾಂತಕ್ಕೂ ಇರುವ ಭೇದವನ್ನು ಗಣವಿಂಗಡಣೆಯಿಲ್ಲದೆ ಕಿವಿಯಿಂದಲೇ ಹೇಳಿಬಿಡುತ್ತಿದ್ದನು.

ಆ ವರ್ಷ ಊರಿನಲ್ಲಿ ಒಂದು ಕಂಪನಿ ಬಿಡಾರ ಮಾಡಿತ್ತು. ಅದರ ಹೆಸರನ್ನೂ ಹೇಳದಿರುವುದು ಲೇಸು. ಅದರ ಹಾರ್ಮೋನಿಯಂ ಮಾಸ್ತರರು ಭಟ್ಟಿಯ ಹತ್ತಿರ ಮಂಡಕ್ಕಿ ಕೊಳ್ಳಲು ಬಂದವರು, ಮೂಟೆ ಹೊಲಿಯುತ್ತ ಹಾಡುತ್ತಿದ್ದ ಈ ಹುಡುಗನನ್ನು ಕೇಳಿ ಅಲ್ಲಿಯೇ ನಿಂತರಂತೆ. ಮೂರು ದಿನ ಮೇಲಿಂದ ಮೇಲೆ ಬಂದು, ಹುಡುಗನನ್ನು ಕಂಪನಿಗೆ ಕೊಡಿರಿ, ಊಟ ಬಟ್ಟೆ ನಮ್ಮದು, ಸಂಗೀತವನ್ನು ನಾನು ಕಲಿಸುತ್ತೇನೆ, ತಿಂಗಳಿಗೆ ಇಷ್ಟೆಂದು ಕೈಗೆ ಕೊಡುತ್ತೇವೆ, ಎಂದು ತಂದೆಯನ್ನು ಕೇಳಿದರು. ತಂದೆ ನನ್ನ ಬಳಿಗೆ ಬಂದನು. ಜಗಲಿಯ ಮೇಲೆ ಕುಳಿತುಕೊಳ್ಳೆಂದರೂ ಕುಳಿತುಕೊಳ್ಳಲಿಲ್ಲ. "ನಂಗೇನೂ ತಿಳಿಯಂಗಿಲ್ರಿ ಸ್ವಾಮಿ. ನೀವ್ ಹೆಂಗ್ ಹೇಳ್ತೀರೋ ಹಂಗ್ ಮಾಡ್ತೀನಿ" ಎಂದನು. ಹುಡುಗನು ಬೀದಿಯಲ್ಲಿ, ವಿದ್ಯುತ್ ಕಂಬದ ಬಳಿ, ತಲೆ ತಗ್ಗಿಸಿ ನಿಂತಿದ್ದನು.

ಮರುದಿನ ಮಾಸ್ತರರೂ ಬಂದರು. ಅರುವತ್ತು ದಾಟಿದವರು, ಬಿಳಿಯ ಜುಬ್ಬ, ಹರಳಿನ ಒಂಟಿ, ಎಲೆಯಡಿಕೆಯ ಬಾಯಿ. ಹಳೆಯ ಕಾಲದ ಹುಬ್ಬಳ್ಳಿಯ ಕಡೆಯ ಸಂಗೀತದ ಸಂಪ್ರದಾಯವನ್ನು ಬಲ್ಲವರೆಂಬುದು ಮಾತಿನಲ್ಲಿಯೇ ತಿಳಿಯುತ್ತಿತ್ತು. ನಾನು ಅವರಿಗೆ ಮನುವಿನ ಮಾತನ್ನು ಹೇಳಿದೆನು. ಹುಡುಗನು ಎಸ್.ಎಸ್.ಎಲ್.ಸಿ. ಮುಗಿಸಬೇಕೆಂದೆನು. ನಾಟಕದವರ ಬಾಳು ಗಾಳಿಗೆ ಇಟ್ಟ ದೀಪವೆಂದೆನು. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಗುರುಗಳು ಶಾಕುಂತಲ ಪಾಠ ಹೇಳ್ತೀರಂತ ಕೇಳೀನಿ. ಒಮ್ಮೆಯಾದರೂ ನಾಟಕ ನೋಡೀರೇನ್ರಿ?" ಎಂದು ಕೇಳಿದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳುವ ಆಸೆಯಿತ್ತು.

"ಇಲ್ಲ. ಅಗತ್ಯ ಬಿದ್ದಿಲ್ಲ" ಎಂದೆನು.

ಹನ್ನೆರಡನೆಯ ವಯಸ್ಸಿನಲ್ಲಿ ಆ ನೆಲದ ಮೇಲೆ ಕುಳಿತು ಅತ್ತವನು ನಾನು. ಸುಳ್ಳು ಹೇಳಿದೆನು. ಮಾಸ್ತರರು ನಮಸ್ಕಾರ ಮಾಡಿ ಎದ್ದು ಹೋದರು. ಹುಡುಗನ ತಂದೆಗೆ, ಬೇಡವೆಂದು ಹೇಳಿ ಕಳುಹಿಸಿದೆನು. ಹುಡುಗನು ಮರುವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ತಪ್ಪಿದನು. ಮತ್ತೆ ಕಟ್ಟಿ ಮತ್ತೆ ತಪ್ಪಿದನು. ತಂದೆಯ ಜೊತೆಗೆ ಭಟ್ಟಿಗೆ ಸೇರಿದನು.

ಆ ಕಂಪನಿಯ ಗತಿಯೇನಾಯಿತೆಂಬುದನ್ನೂ ಹೇಳಬೇಕು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿಯು ಪ್ರಾರಂಭವಾಯಿತು. ಪೌರಾಣಿಕ ನಾಟಕಕ್ಕಾಗಿ ಚೀಟಿ ಕೊಳ್ಳುತ್ತಿದ್ದ ಸಂಸಾರಗಳು ಭಾನುವಾರ ಬೆಳಗ್ಗೆ ನೆರೆಮನೆಯ ಪೆಟ್ಟಿಗೆಯ ಮುಂದೆ ಚೀಟಿಯಿಲ್ಲದೆ ರಾಮನನ್ನು ಕಂಡು ಕೈಮುಗಿದವು. ನಮ್ಮೂರ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದ್ದವು. ನೆಲದ ಚೀಟಿಯನ್ನು ಕೊಳ್ಳುವ ಕೂಲಿಗಾರನ ಜೇಬು ಬರಿದಾಯಿತು. ಕಂಪನಿಯೆಂದರೆ ಅರುವತ್ತು ಎಪ್ಪತ್ತು ಜನರ ಸಂಸಾರ. ಆಟವಿರಲಿ ಇಲ್ಲದಿರಲಿ ಎರಡು ಹೊತ್ತು ಒಲೆ ಹೊತ್ತಬೇಕು. ಮಳೆಗಾಲದಲ್ಲಿ ಆದಾಯವಿಲ್ಲದೆ ಸಂಬಳ ಕೊಡಬೇಕು. ಒಂದು ಊರಿನಿಂದ ಮತ್ತೊಂದಕ್ಕೆ ತಗಡು, ಗಳು, ಪರದೆಗಳನ್ನು ಲಾರಿಗಳಲ್ಲಿ ಹೇರಬೇಕು. 1988ರಲ್ಲಿ ಆ ಕಂಪನಿಯು ಯಾವುದೋ ಊರಿನಲ್ಲಿ ಸಾಲಕ್ಕೆ ಸಿಕ್ಕಿ ನಿಂತುಹೋಯಿತೆಂದೂ, ನಟರಿಗೆ ತಿಂಗಳುಗಳ ಸಂಬಳ ಬರಲೇ ಇಲ್ಲವೆಂದೂ, ಅರಮನೆಯ ಪರದೆಯನ್ನು ಒಬ್ಬ ಈರುಳ್ಳಿ ವ್ಯಾಪಾರಿ ಮೂಟೆಗಳಿಗೆ ಹೊದಿಸಲು ಕೊಂಡನೆಂದೂ ಕೇಳಿದೆನು. ಕೇಳಿ ದುಃಖವಾಯಿತೆಂದು ಹೇಳಿದರೆ ಮತ್ತೊಂದು ಸುಳ್ಳನ್ನು ಹೇಳಿದಂತಾಗುತ್ತದೆ. ನನಗೆ ಸಮಾಧಾನವಾಯಿತು. ನನ್ನ ಮಾತು ನಿಜವಾಯಿತು, ಹುಡುಗನು ಉಳಿದುಕೊಂಡನು, ಎಂದು ಎದೆಯ ಮೇಲಿನ ಭಾರವನ್ನು ಇಳಿಸಿದೆನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಸಮಾಧಾನದಲ್ಲಿಯೇ ಇದ್ದೆನು.

ಇದು ಕದಲಿದ್ದು ಹೇಗೆಂದರೆ: ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬನು ಎರಡು ವರ್ಷಗಳ ಕೆಳಗೆ ಊರಿಗೆ ಬಂದಿದ್ದಾಗ ನನ್ನನ್ನು ನೋಡಲು ಬಂದನು. ಅವನಿಗೆ ಅಲ್ಲಿ ಇಟಲಿಯ ಆಪೆರಾ ಎಂಬ ಗೀತನಾಟಕದ ಗೀಳು ಹತ್ತಿದೆ. ಮಾತೇ ಇಲ್ಲದೆ ಆದ್ಯಂತವಾಗಿ ಹಾಡಿನಲ್ಲಿಯೇ ನಡೆಯುವ ನಾಟಕವದು. ಸುಮಾರು 1600ರ ಹೊತ್ತಿಗೆ ಫ್ಲಾರೆನ್ಸ್ ನಗರದ ಪಂಡಿತರು ಪ್ರಾಚೀನ ಗ್ರೀಕರ ನಾಟಕವನ್ನು ಪುನರುಜ್ಜೀವನಗೊಳಿಸಲೆಂದು ಹೊರಟು ಇದನ್ನು ಕಂಡುಕೊಂಡರಂತೆ. ಶಾಸ್ತ್ರಜ್ಞರು ಪುಸ್ತಕದಿಂದ ತೊಡಗಿದರೂ ಜನರು ಅದನ್ನು ಕಂಠಕ್ಕೆ ತೆಗೆದುಕೊಂಡರು. ಅವನು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಶರತ್ಕಾಲದಲ್ಲಿ, ನೇಪಲ್ಸ್ ನಗರದ ಸಾನ್ ಕಾರ್ಲೋ ಕಂಪನಿಯು ಲಂಡನ್ನಿಗೆ ಬಂದು ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಬಿಡಾರ ಮಾಡಿತು. ಆ ಮಂದಿರವು ಯುದ್ಧಕಾಲದಲ್ಲಿ ಜನರು ಕುಣಿಯಲು ಬರುವ ಸಭಾಂಗಣವಾಗಿತ್ತು. ಇಟಲಿಯೋ ಮೂರು ವರ್ಷದ ಹಿಂದಿನವರೆಗೆ ಇಂಗ್ಲೆಂಡಿಗೆ ಶತ್ರುದೇಶ. ಆಹಾರಕ್ಕೂ ಬಟ್ಟೆಗೂ ಪಡಿತರವಿದ್ದ ಕಾಲ. ಆದರೂ ಲಂಡನ್ನಿನ ಜನ ತಮಗೆ ತಿಳಿಯದ ಭಾಷೆಯ ಹಾಡನ್ನು ಕೇಳಲು ಹೋದರು. ಬೆನ್ಯಾಮಿನೋ ಜೀಲಿ ಎಂಬ ಜಗತ್ಪ್ರಸಿದ್ಧ ಗಾಯಕನು, ಐವತ್ತಾರು ವರ್ಷದವನು, ತನ್ನ ಮಗಳಾದ ರೀನಾಳೊಡನೆ ಅಲ್ಲಿ ಹಾಡಿದನು.

"ತಿಳಿಯದ ಭಾಷೆಯನ್ನು ಕೇಳಲು ಅಷ್ಟು ಜನ ಏಕೆ ಹೋದರಪ್ಪ?" ಎಂದು ಕೇಳಿದೆನು.

"ಹಾಡಿಗೆ ಹೋದರು, ಸರ್. ಮನುಷ್ಯನ ಗಂಟಲಿಗೆ ಹೋದರು" ಎಂದನು. ಬಳಿಕ ತಟಕ್ಕನೆ, "ನಮ್ಮ ಕ್ಲಾಸಿನಲ್ಲಿ ಒಬ್ಬ ಇದ್ದನಲ್ಲ, ಭಟ್ಟಿಯ ಹುಡುಗ. ಅಂಥ ಗಂಟಲನ್ನು ನಾನು ಅಲ್ಲಿಯೂ ಹೆಚ್ಚು ಕೇಳಿಲ್ಲ. ಅವನೇನಾದ?" ಎಂದನು.

ನನಗೆ ಉತ್ತರ ತಿಳಿದಿರಲಿಲ್ಲ. ಅವನು ಹೋದ ಮೇಲೆ ಎರಡು ದಿನ ಮನಸ್ಸು ತಡೆಯಲಿಲ್ಲ. ಮೂರನೆಯ ದಿನ ಭಟ್ಟಿಗಳಿರುವ ಕಡೆಗೆ ಹೋಗಿ ವಿಚಾರಿಸಿದೆನು. ಅವನು ಆ ಕೆಲಸವನ್ನು ಬಿಟ್ಟು ಹರಿಹರದಲ್ಲಿ ಹೆಂಡತಿಯ ತವರಿನ ಹತ್ತಿರ ಒಂದು ಸಣ್ಣ ಅಂಗಡಿಯನ್ನು ಇಟ್ಟುಕೊಂಡಿರುವನೆಂದು ತಿಳಿಯಿತು. ಬಸ್ಸು ಹತ್ತಿ ಹೋದೆನು.

ಐವತ್ತು ದಾಟಿದ ಮನುಷ್ಯ. ತಲೆ ನರೆತಿತ್ತು. ನನ್ನನ್ನು ಕಂಡೊಡನೆ ಅಂಗಡಿಯಿಂದ ಇಳಿದು ಬಂದು ಬೀದಿಯಲ್ಲಿಯೇ ಕಾಲಿಗೆ ನಮಸ್ಕರಿಸಿದನು. ಮಾತಿನ ನಡುವೆ ಕೆಮ್ಮು. ಮಕ್ಕಳಿಬ್ಬರೂ ಓದಿ ಕೆಲಸದಲ್ಲಿದ್ದಾರೆಂದು ಹೇಳಿದನು, ಮಗಳು ನರ್ಸು. ಚಹಾ ತರಿಸಿದನು. ನಾನು ಬಂದ ಕಾರಣವನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ಕೊನೆಗೆ, ಅಂದು ಕಂಪನಿಗೆ ಬೇಡವೆಂದು ತಂದೆಗೆ ಹೇಳಿದವನು ನಾನು, ನಿನಗೆ ತಿಳಿದಿದೆಯೋ ಇಲ್ಲವೋ, ಎಂದೆನು.

"ತಿಳಿದಿತ್ರಿ ಮೇಷ್ಟ್ರೇ. ಕಂಬದ ಹತ್ರ ನಿಂತಿದ್ದೆನಲ್ರಿ" ಎಂದನು.

"ಆ ಕಂಪನಿ ಎರಡೇ ವರ್ಷಕ್ಕೆ ಮುಳುಗಿತು" ಎಂದೆನು. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಸಮಾಧಾನವನ್ನು ಅವನ ಕೈಗೆ ಕೊಟ್ಟು, ಅದು ಒಳ್ಳೆಯ ನಾಣ್ಯವೋ ಖೋಟಾ ನಾಣ್ಯವೋ ನೋಡಿ ಹೇಳೆಂದು ಕೇಳಿದಂತಾಯಿತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. "ಹೌದ್ರಿ. ಹೋಗಿದ್ರೆ ಎರಡು ವರ್ಷಕ್ಕೆ ತಿರುಗಿ ಭಟ್ಟಿಗೇ ಬರ್ತಿದ್ದೆ. ನೀವು ಹೇಳಿದ್ದು ಸರೀನೇ ಇತ್ತು. ಆದ್ರೆ ಮೇಷ್ಟ್ರೇ, ಎರಡು ವರ್ಷ ಹಾಡಿ ಬರ್ತಿದ್ದೆನಲ್ರಿ." ಮತ್ತೆ ಕೆಮ್ಮಿದನು. "ಅಪ್ಪ ನಿಮ್ಮನ್ನ ಕೇಳ್ದ. ನೀವು ಶಾಸ್ತ್ರ ಕೇಳಿದ್ರಿ. ಮಾಸ್ತರ್ರು ಅಪ್ಪನ್ನ ಕೇಳಿದ್ರು. ನನ್ನ ಯಾರೂ ಕೇಳ್ಲಿಲ್ಲ ನೋಡ್ರಿ." ಇದನ್ನು ನಗುತ್ತಲೇ ಹೇಳಿದನು. ಆ ನಗೆಯಲ್ಲಿ ಕಹಿಯಿತ್ತೆಂದು ನಾನು ಬರೆದರೆ ಅವನಿಗೆ ಅಪಚಾರ ಮಾಡಿದಂತೆ. ಕಹಿಯಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಆಗ ನಾನು, 1971ರ ಸದಾರಮೆಯ ಕಥೆಯನ್ನೆಲ್ಲ ಅವನಿಗೆ ಹೇಳಿದೆನು: ಸೋದರಮಾವ, ರೈಲು, ಮೂರನೆಯ ಗಂಟೆ, ಬೀಡಿ ಸೇದಿದ ರಾಜ, ಸಾವಿರದೆಂಟು ಗಾಯತ್ರಿ. ಮಾಸ್ತರರ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನೂ ಹೇಳಿದೆನು. ಅವನು ಬಾಯಿ ತೆರೆದು ಕೇಳಿದನು. "ನೀವೂ ನೆಲದಾಗ ಕುಂತಿದ್ರಾ?" ಎಂದು ಮತ್ತೆ ಮತ್ತೆ ಕೇಳಿ ನಕ್ಕನು. ಬೇರೆ ಯಾವ ಮಾತಿಗೂ ಅವನು ಅಷ್ಟು ಸಂತೋಷಪಡಲಿಲ್ಲ.

ಆ ದಿನ ಸೋಮವಾರ. ಸಂಜೆ ದೇವಾಲಯದ ಹತ್ತಿರ ಭಜನೆಯುಂಟು, ತಾನು ಹಾಡುವುದುಂಟು, ಕೇಳಿ ಹೋಗಬೇಕೆಂದನು. ಹೋದೆನು. ಹತ್ತು ಹನ್ನೆರಡು ಜನ, ಒಂದು ಹಳೆಯ ಹಾರ್ಮೋನಿಯಂ, ದಮ್ಮಡಿ, ತಾಳ. ನನಗಾಗಿ ಯಾರೋ ಕುರ್ಚಿ ತಂದರು. ನಾನು ನೆಲದ ಮೇಲೆಯೇ ಕುಳಿತೆನು. ಅವನ ಕಂಠವು ಒಡೆದಿದೆ. ತಾರಸ್ಥಾಯಿಗೆ ಏರಲಾರದು, ಏರಹೊರಟಲ್ಲಿ ಕೆಮ್ಮು ತಡೆಯುತ್ತದೆ. ಆದರೆ ಮಂದ್ರದಲ್ಲಿ ಒಂದು ಕಡೆ, ಒಂದೇ ಕಡೆ, ಸ್ವರವನ್ನು ಅವನು ಹಿಡಿದು ನಿಲ್ಲಿಸಿದಾಗ, ಆ ಹಳೆಯ ತಿಳಿನೀರು ಕಂಡಿತು. ಭಜನೆಯ ಪದವೊಂದನ್ನು ಅವನು ಎರಡು ಮಟ್ಟುಗಳಲ್ಲಿ ಹಾಡಿದನು, ಒಂದು ತೆಂಕಣದ್ದು, ಒಂದು ಬಡಗಣದ್ದು. ಅದನ್ನು ಯಾರು ಕಲಿಸಿದರೆಂದು ಆಮೇಲೆ ಕೇಳಿದೆನು. ಮಾಸ್ತರರು ಊರು ಬಿಡುವ ಮೊದಲು ಹನ್ನೊಂದು ದಿನ ಭಟ್ಟಿಯ ಹಿಂದೆ, ದುಡ್ಡು ತೆಗೆದುಕೊಳ್ಳದೆ, ಸಂಜೆ ಹೊತ್ತು ಬಂದು ಪಾಠ ಹೇಳಿದರಂತೆ. ಆ ಹನ್ನೊಂದು ದಿನದ ಪಾಠವನ್ನು ಅವನು ಇಂದಿಗೂ ಹಾಡುತ್ತಿದ್ದಾನೆ. ನಾನು ಅವನಿಗೆ ಮೂರು ವರ್ಷ ಪಾಠ ಹೇಳಿದ್ದೆನು.

ಹುಡುಗನನ್ನು ಅಂದು ಕಂಪನಿಗೆ ಕಳುಹಿಸಬೇಕಾಗಿತ್ತೆಂದು ನಾನು ಈಗ ಹೇಳುತ್ತಿಲ್ಲ. ಹದಿನಾಲ್ಕು ವರ್ಷದ ಮಗುವನ್ನು ಶಾಲೆ ಬಿಡಿಸಿ ಊರೂರು ಅಲೆಯಲು ಕಳುಹಿಸೆಂದು ಮೇಷ್ಟರಾದವನು ಹೇಳಲಾರನು. ಇಂದು ಕೇಳಿದರೂ ಬಹುಶಃ ಬೇಡವೆಂದೇ ಹೇಳಿಯೇನು. ಆದರೆ ಬೇಡವೆಂದ ಮೇಲೆ ಬೇರೆ ದಾರಿಯನ್ನು ಹುಡುಕಿಕೊಡುವ ಹೊಣೆ ನನ್ನದಾಗಿತ್ತು. ಗದಗಿನ ಆಶ್ರಮವು ಇಲ್ಲಿಂದ ರೈಲಿನಲ್ಲಿ ಒಂದು ಹಗಲಿನ ದಾರಿ. ಊರಿನಲ್ಲಿಯೇ ಸಂಗೀತ ಬಲ್ಲವರಿದ್ದರು. ಆ ಮಾಸ್ತರರನ್ನೇ, ಬಿಡಾರವಿರುವಷ್ಟು ದಿನ ಇವನಿಗೆ ಶಾಲೆಯ ಜಗಲಿಯ ಮೇಲೆ ಪಾಠ ಹೇಳಿರೆಂದು ಕೇಳಬಹುದಾಗಿತ್ತು. ಕೇಳದೆ ಹೋದುದಕ್ಕೆ ಕಾರಣ ಹುಡುಗನ ಹಿತವಲ್ಲ. ನನ್ನ ಹಳೆಯ ನಾಚಿಕೆ. ಅದಕ್ಕೆ ಶಾಸ್ತ್ರದ ಉಡುಪನ್ನು ತೊಡಿಸಿ ನಿಲ್ಲಿಸಿದೆನು. ಅರದಾಳ ಬಳಿದುಕೊಂಡು ರಾಜನಾದವ ರಂಗದಿಂದ ಇಳಿದ ಮೇಲೆ ಅದನ್ನು ತೊಳೆದುಕೊಳ್ಳುತ್ತಾನೆ, ನಾನು ತೊಳೆದುಕೊಳ್ಳಲಿಲ್ಲ.

ಈಗ ಸರ್ಕಾರದವರು ವೃತ್ತಿರಂಗಭೂಮಿಗಾಗಿಯೇ ಒಂದು ರಂಗಾಯಣವನ್ನು ನಮ್ಮ ದಾವಣಗೆರೆಗೆ ಕೊಟ್ಟಿದ್ದಾರೆ. ಸಂತೋಷದ ಸಂಗತಿ. ಜಾತ್ರೆಗಳ ಕಾಲದಲ್ಲಿ ಒಂದೊಂದು ಕಂಪನಿಯೂ ಇನ್ನೂ ತಗಡು ಕಟ್ಟುತ್ತದೆ. ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಉಪಾಧ್ಯಾಯರು. ಅವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನಿಮ್ಮ ತರಗತಿಯಲ್ಲಿ ಅಂಥ ಕಂಠವೊಂದು ಕೇಳಿಬಂದರೆ, ತಂದೆಯೊಡನೆ ಮಾತನಾಡುವ ಮೊದಲು, ಶಾಸ್ತ್ರವನ್ನು ತೆಗೆದು ನೋಡುವ ಮೊದಲು, ಹೊರಗೆ ಕಂಬದ ಬಳಿ ನಿಂತಿರುವ ಹುಡುಗನನ್ನು ಒಳಗೆ ಕರೆದು, ನಿನಗೇನು ಬೇಕಪ್ಪ ಎಂದು ಕೇಳಿರಿ.

ಬರುವ ಸೋಮವಾರ ಹರಿಹರಕ್ಕೆ ಹೋಗಬೇಕೆಂದಿದ್ದೇನೆ. ಶಾಕುಂತಲದ ಶ್ಲೋಕಗಳನ್ನು ಒಮ್ಮೆ ಹಾಡಿ ನೋಡೋಣವೆಂದು ಅವನು ಹೇಳಿಕಳುಹಿಸಿದ್ದಾನೆ. ಅರ್ಥವನ್ನು ನಾನು ಹೇಳಬೇಕಂತೆ, ಮಟ್ಟನ್ನು ಅವನು ಹಾಕುತ್ತಾನಂತೆ. ಕಾರ್ಯದರ್ಶಿಗಳು ಕೇಳಿದ ಸಂಸ್ಕೃತ ನಾಟಕಗಳ ಲೇಖನವನ್ನು ಆ ಪಾಠವು ಸ್ವಲ್ಪ ಮುಂದುವರಿದ ಮೇಲೆ ಬರೆದುಕೊಡುತ್ತೇನೆ.